ಎಂಟನೆಯ ಅಂಕಿ

ಕೊನೆಯ ಲೋಕಲ್ ಕುರ್ಲಾ ಕಾರ್‌ಶೆಡ್ಡಿಗೆ ಬಂದು
ನಿಟ್ಟುಸಿರಿಟ್ಟು ನಿಂತ ಮೇಲೆಯೇ ನಮ್ಮ ಕೆಲಸ.
ಅಲ್ಲಿಯವರೆಗೆ ಮೀಟರಿನ ಮುಳ್ಳು
ಪ್ರತಿ ಗಾಡಿಗೂ ಬೆಚ್ಚುತ್ತದೆ,
ಕಲ್ಯಾಣದ ಫಾಸ್ಟ್ ಲೋಕಲ್ಲಿಗೆ ತುಸು ಹೆಚ್ಚು.
ಒಂದರಿಂದ ನಾಲ್ಕು, ಮೂರೇ ತಾಸು.
ಊರಿನ ಕರೆಂಟು ಕೊಂಚ ಮಗ್ಗುಲಾದಾಗ
ಜಗತ್ತಿನ ಒಂದು ಸಂಖ್ಯೆಯನ್ನು
ಮಾತಾಡಿಸಿ ನೋಡಬೇಕು.

(ನಾನು ಕರೆಂಟು ಆಫೀಸಿನಲ್ಲಿದ್ದೇನೆಂದು ಅಮ್ಮ
ಚಾಳಿನಲ್ಲೆಲ್ಲ ಹೇಳಿದ್ದಾಳೆ.
ಬಿಲ್ಲು ಕಡಿಮೆ ಮಾಡಿಸಿಕೊಡು ಎಂದು
ಮೂರು ಮನೆಯವರು ಕೇಳಿಯಾಗಿದೆ.)

ನೀಲೋಫರ್ ಕಾಂಟ್ರಾಕ್ಟರ್ ಮೇಡಂ ಹೀಲಿಯಮ್ಮಿನ ಮಟ್ಟ ನೋಡಿ
ಲೀಟರಿನ ದರ ನೆನೆದು ಕಣ್ಣು ಮುಚ್ಚುತ್ತಾರೆ.
ಉಗುರಿನ ಚೂರಿನಷ್ಟು ಸ್ಫಟಿಕ.
ಅದಕ್ಕೆ ನಕ್ಷತ್ರಗಳ ನಡುವಿನ ಬಯಲಿಗಿಂತಲೂ ಹೆಚ್ಚಿನ ಚಳಿ,
ಕೀಲಿಕೈ ಗೊಂಚಲನ್ನು ಕಿಸೆಯಿಂದ ಕಸಿಯುವಂಥ ಅಯಸ್ಕಾಂತ.
ಆಗ ಅದು ಹಟ ಹಿಡಿದು
ಒಂದೇ ಮೆಟ್ಟಿಲ ಮೇಲೆ ನಿಲ್ಲುತ್ತದೆ:
ಹನ್ನೆರಡು ಸಾವಿರದ ಒಂಬೈನೂರ ಆರು ಓಮ್,
ಬಿಂದುವಿನಾಚೆ ನಾಲ್ಕು, ಸೊನ್ನೆ, ಮೂರು, ಏಳು...
ಸ್ಫಟಿಕ ಬದಲಿಸಿ, ಅದೇ. ದೇಶ ಬದಲಿಸಿ, ಅದೇ.
ಎಲೆಕ್ಟ್ರಾನಿನ ವಿದ್ಯುದಂಶವೂ ಪ್ಲಾಂಕ್ ಸ್ಥಿರಾಂಕವೂ
ತಮ್ಮ ತಮ್ಮಲ್ಲೇ ಮಾಡಿಕೊಂಡ ಕರಾರು;
ಉದ್ದ ಎಷ್ಟು, ಅಗಲ ಎಷ್ಟು, ಯಾವ ಕುಲದ ಲೋಹ
ಒಂದನ್ನೂ ಕೇಳದು.

ಅದರೆದುರು ನಮ್ಮದು ನೂರು ಓಮಿನ ಒಂದು ಸುರುಳಿ,
ಎಣ್ಣೆಯ ತೊಟ್ಟಿಯಲ್ಲಿ ಮುಳುಗಿಸಿಟ್ಟದ್ದು,
ದೂಮಪ್ಪ ಬಂಗೇರ ಸುತ್ತಿದ್ದು.
ಎರಡನ್ನೂ ತೂಗುವ ತಕ್ಕಡಿಯೂ ಅವನ ಕೈಯದೇ:
ಈಚೆ ಹದಿನಾರು ಸುತ್ತು,
ಆಚೆ ಎರಡು ಸಾವಿರದ ಅರವತ್ತೈದು.
ಕೂದಲೆಳೆಯ ತಂತಿ. ಎಲೆಯಡಿಕೆ ಉಗಿದು ಬಂದು ಕೂತ.
ಒಂದು ಎನ್ನಲಿಲ್ಲ; ಭತ್ತ ಅಳೆಯುವವರ ಹಾಗೆ
‘ಲಾಭ’ ಎಂದು ಶುರು. ಲಾಭ, ಎರಡು, ಮೂರು...
ಮೇಡಮ್ಮಿಗೆ ಗಾಬರಿ: ಲಾಭ ಅಂದರೆ ಒಂದೋ, ಸೊನ್ನೆಯೋ?
ಕೇಳಿದೆ. ದೂಮಪ್ಪ ತಲೆ ಎತ್ತಲಿಲ್ಲ.
‘ಲಾಭ ಸೊನ್ನೆ ಆದರೆ ಅಂಗಡಿ ಯಾಕೆ ತೆಗೀಬೇಕು?’
ಒಂದು ಸುತ್ತು ತಪ್ಪಿದ್ದರೂ
ನಾಲ್ಕನೆಯ ಅಂಕಿಯಲ್ಲೇ ಮಾನ ಹೋಗುತ್ತಿತ್ತು.
ಹೋಗಲಿಲ್ಲ.

ಹೋದದ್ದು ಎಂಟನೆಯದರಲ್ಲಿ.
ಇಡೀ ಜೂನ್ ಅಳೆದೂ ಸುರಿದೂ
ಸೋಮವಾರ ಮೂರು, ಗುರುವಾರ ಒಂಬತ್ತು,
ಮಳೆ ಹಿಡಿದ ರಾತ್ರಿ ಅಂಕಿಯೇ ಇಲ್ಲ, ಬರೀ ತೇಲಾಟ.
ಮೇಡಂ ಯಂತ್ರ ಬಿಚ್ಚಿದರು, ನಾನು ಪ್ರೋಗ್ರಾಮ್ ಬಿಚ್ಚಿದೆ.
ಬೈಗುಳಗಳು ಗುಜರಾತಿಗೆ ತಿರುಗಿದವು.
ದೂಮಪ್ಪ ಬಂದು ತಂತಿ ಕೂಡುವ ಬಿಳಿ ಬಿಲ್ಲೆಗಳ ಮೇಲೆ
ಬೆರಳೆಳೆದು ನಾಲಗೆಗೆ ಮುಟ್ಟಿಸಿಕೊಂಡ.
‘ಉಪ್ಪು.’
ಮುಚ್ಚಿದ ಕಿಟಕಿ ದಾಟಿ ಬಂದ ಮಾಹಿಮ್ ಖಾರಿಯ ಗಾಳಿ
ಅಲ್ಲೊಂದು ಕಾಣದ ಕಾಲುದಾರಿ ಹಾಕಿತ್ತು.
ಫಲಾಟು ಬಿಟ್ಟು ಹಳಿ ದಾಟುವ ಜನರ ಹಾಗೆ
ಒಂದಿಷ್ಟು ಎಲೆಕ್ಟ್ರಾನು ಲೆಕ್ಕಕ್ಕೆ ಸಿಗದೆ ನುಸುಳುತ್ತಿದ್ದವು.
ಸ್ಪಿರಿಟ್ಟಿನಲ್ಲಿ ಒರೆಸಿದ. ಸಮುದ್ರವನ್ನು ಹತ್ತಿಯಲ್ಲಿ ಎತ್ತಿ
ಕಸದ ಡಬ್ಬಿಗೆ ಹಾಕಿದ.
ಅಂಕಿ ಕೂತಿತು.

ಆಮೇಲೆ ದೂರದ ಒಂದು ಸಭೆಯಲ್ಲಿ ಕೈಯೆತ್ತಿ
ಸ್ಥಿರಾಂಕಗಳಿಗೆ ಬೀಗ ಹಾಕಿದರು.
ಇನ್ನು ಅವನ್ನು ಯಾರೂ ಅಳೆಯುವಂತಿಲ್ಲ,
ಅವು ಇರುವುದೇ ಅಷ್ಟು.
ಅದೇ ರಾತ್ರಿ, ಅದೇ ಹೀಲಿಯಮ್, ಅದೇ ಮೂರು ತಾಸು;
ಪ್ರಶ್ನೆ ಕೇಳುವವರು ಮಾತ್ರ ಮೇಜಿನ ಆ ಬದಿಗೆ ಹೋಗಿ ಕೂತಿದ್ದಾರೆ.
ಉತ್ತರ ಹೇಳಬೇಕಾದ್ದು ನಮ್ಮ ಸುರುಳಿ.

ದೂಮಪ್ಪ ಈಗ ಡೊಂಬಿವಲಿಯಲ್ಲಿ. ನಿದ್ದೆ ಬಾರದ ವಯಸ್ಸು.
ವರ್ಷಕ್ಕೊಮ್ಮೆ ನಸುಕಿಗೇ ಫೋನು:
‘ನನ್ನದು ಎಷ್ಟು ಸರಿಯಿತು?’
ಕೋಟಿಯಲ್ಲಿ ಒಂದು, ಎನ್ನುತ್ತೇನೆ.
‘ಮೇಲಕ್ಕೋ, ಕೆಳಕ್ಕೋ?’
ಮೇಲಕ್ಕೆ.
‘ಹಾಗಾದರೆ ಒಂದು ಅನ್ನಬೇಡಿ, ಲಾಭ ಅನ್ನಿ.
ಎಣ್ಣೆ ಬದಲಿಸಿದಿರಾ?’
ಇಲ್ಲ ಎನ್ನಲು ನಾಚಿಕೆಯಾಗಿ ಸುಮ್ಮನಿದ್ದೆ.
ಶೆಡ್ಡಿನಿಂದ ಮೊದಲ ಗಾಡಿ ಹೊರಟಿತು.
ಮುಳ್ಳು ಬೆಚ್ಚಿತು.